ಇಂಗ್ಲಿಷು ಪರೀಕ್ಷೆ ಮತ್ತು ಕನ್ನಡದ ನಾಲಗೆ

ಇಂಗ್ಲಿಷು ಭಾಷೆಯ ಪರೀಕ್ಷೆಗೆ ಸಿದ್ಧತೆ ಮಾಡಿಕೊಳ್ಳುವ ಬಗೆ ಹೇಗೆಂಬುದು ಈ ಹೊತ್ತಿನ ವಿಷಯ. ಪರೀಕ್ಷೆಯ ಹೆಸರು ಯಾವುದಾದರೂ ಇರಲಿ, ಅದು ವಿಚಾರಿಸುವುದು ಬಹುಮಟ್ಟಿಗೆ ವ್ಯಾಕರಣ, ಶಬ್ದಸಂಪತ್ತು, ಉಚ್ಚಾರಣೆ ಎಂಬ ಮೂರು ಸಂಗತಿಗಳನ್ನು. ಅಂಗಡಿಯಲ್ಲಿ ದೊರೆಯುವ ಗೈಡುಗಳು ಈ ಮೂರಕ್ಕೂ ಬೇರೆಬೇರೆ ಭಾಗಗಳನ್ನು ಮಾಡಿ, ಒಂದೊಂದರಲ್ಲಿಯೂ ನೂರಾರು ಪ್ರಶ್ನೋತ್ತರಗಳನ್ನು ತುಂಬಿರುತ್ತವೆ. ವಿದ್ಯಾರ್ಥಿಗಳು ಅವನ್ನು ಬಾಯಿಪಾಠ ಮಾಡುತ್ತಾರೆ. ಪರೀಕ್ಷೆಯ ದಿನ ಹಿಂದೆ ಮಾಡಿದ ತಪ್ಪನ್ನೇ ಮತ್ತೆ ಮಾಡಿ ಬರುತ್ತಾರೆ. ಇದು ಜ್ಞಾಪಕಶಕ್ತಿಯ ಕೊರತೆಯೆಂದು ಮನೆಯ ಹಿರಿಯರು ಭಾವಿಸುವುದುಂಟು. ನನ್ನ ಅಭಿಪ್ರಾಯ ಬೇರೆ. ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಮಾಡುವ ತಪ್ಪುಗಳಲ್ಲಿ ಹೆಚ್ಚಿನವು ಕನ್ನಡದ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ್ದರಿಂದ ಹುಟ್ಟಿದವು. ಯಾವ ನಿಯಮವನ್ನು ಪಾಲಿಸುತ್ತಿದ್ದೇವೆಂಬುದು ಪಾಲಿಸುವವರಿಗೇ ತಿಳಿದಿರುವುದಿಲ್ಲ. ಅದನ್ನು ತೋರಿಸಿಕೊಟ್ಟರೆ ಸಿದ್ಧತೆಯಲ್ಲಿ ಅರ್ಧ ಮುಗಿದಂತೆಯೇ ಸರಿ.

ಒಂದು ಉದಾಹರಣೆಯಿಂದ ಪ್ರಾರಂಭಿಸೋಣ. ಕಲಬುರಗಿಯ ಖೂಬಾ ಪ್ಲಾಟಿನಲ್ಲಿ ವಾಸಿಸುವ ಒಬ್ಬ ವಿದ್ಯಾರ್ಥಿನಿಯನ್ನು ಮನಸ್ಸಿಗೆ ತಂದುಕೊಳ್ಳಿ. ಪರೀಕ್ಷಕರು ಆಕೆಯನ್ನು ಮೊದಲು ಕೇಳುವುದು ಊರು ಕೇರಿಯ ವಿಷಯವನ್ನೇ ಅಲ್ಲವೆ? ‘ನಾನು ಹತ್ತು ವರ್ಷದಿಂದ ಖೂಬಾ ಪ್ಲಾಟಿನಲ್ಲಿ ಇದ್ದೇನೆ’ ಎಂಬ ಮಾತು ಆಕೆಯ ಮನಸ್ಸಿನಲ್ಲಿ ಹುಟ್ಟುತ್ತದೆ. ಬಾಯಿಂದ ‘ಐ ಆಮ್ ಲಿವಿಂಗ್ ಇನ್ ಖೂಬಾ ಪ್ಲಾಟ್ ಸಿನ್ಸ್ ಟೆನ್ ಇಯರ್ಸ್’ ಎಂದು ಹೊರಡುತ್ತದೆ. ಈ ಒಂದೇ ವಾಕ್ಯದಲ್ಲಿ ಗೈಡಿನ ಮೂರು ಭಾಗಗಳೂ ಅಡಗಿವೆ. ‘ಇದ್ದೇನೆ’ ಎಂಬುದು ಕನ್ನಡದಲ್ಲಿ ವರ್ತಮಾನ. ಅಂದು ಪ್ರಾರಂಭವಾಗಿ ಇಂದಿಗೂ ನಡೆಯುತ್ತಿರುವ ಕ್ರಿಯೆಗೆ ನಮಗೆ ಆ ವರ್ತಮಾನವೇ ಸಾಕು. ಇಂಗ್ಲಿಷಿಗೆ ಅದು ಸಾಲದು. ಅಲ್ಲಿ ‘ಐ ಹ್ಯಾವ್ ಬೀನ್ ಲಿವಿಂಗ್’ ಎನ್ನಬೇಕು. ನಮ್ಮ ‘ಇಂದ’ ಪ್ರತ್ಯಯವು ‘ಸೋಮವಾರದಿಂದ’ ಎಂಬಲ್ಲಿಯೂ ‘ಹತ್ತು ವರ್ಷದಿಂದ’ ಎಂಬಲ್ಲಿಯೂ ಒಂದೇ. ಇಂಗ್ಲಿಷಿನಲ್ಲಿ ಕಾಲದ ಒಂದು ಬಿಂದುವಿಗೆ ‘ಸಿನ್ಸ್’, ಕಾಲದ ಉದ್ದಳತೆಗೆ ‘ಫ಼ಾರ್’. ಇದು ವ್ಯಾಕರಣದ ಮಾತಾಯಿತು.

ಇನ್ನು ‘ಪ್ಲಾಟ್’ ಎಂಬ ಶಬ್ದ. ದಿನವೂ ವಿಳಾಸದಲ್ಲಿ ಬರೆಯುವ ಈ ಶಬ್ದಕ್ಕೆ ಆಕೆ ಬಲ್ಲ ಅರ್ಥ ಒಂದೇ, ಮನೆ ಕಟ್ಟುವ ನಿವೇಶನ. ಅದಕ್ಕೆ ಕಥೆಯ ಹಂದರವೆಂಬ ಅರ್ಥವೂ ಒಳಸಂಚೆಂಬ ಅರ್ಥವೂ ಉಂಟೆಂಬುದು ಪ್ರಶ್ನಪತ್ರಿಕೆ ಕೈಗೆ ಬಂದಾಗಲೇ ಗೊತ್ತಾಗುವುದು. ಇಂಗ್ಲಿಷಿನವರು ಅದನ್ನು ತುಟಿಯನ್ನು ತುಸು ದುಂಡಗೆ ಮಾಡಿ ಹ್ರಸ್ವವಾಗಿ ಹೇಳುತ್ತಾರೆ. ನಾವು ದೀರ್ಘ ‘ಆ’ಕಾರದಿಂದ ಹೇಳುತ್ತೇವೆ. ಮಾಳಿಗೆಯ ಮೇಲಿನ ಬಿಡಾರವಾದ ‘ಫ಼್ಲ್ಯಾಟ್’ ಅದರೊಂದಿಗೆ ಬೆರೆತುಹೋದರೆ, ನೆಂಟರಿಷ್ಟರು ಕೊಂಡದ್ದು ಬರಿಯ ನೆಲವೋ ಕಟ್ಟಿದ ಮನೆಯೋ ಎಂದು ವಿಚಾರಿಸಿ ತಿಳಿಯಬೇಕಾಗುತ್ತದೆ. ಕೊನೆಯ ಶಬ್ದವಂತೂ ವಿನೋದದ್ದು. ಕನ್ನಡದಲ್ಲಿ ಶಬ್ದದ ಮೊದಲಿನ ‘ಇ’ಕಾರಕ್ಕೂ ‘ಯಿ’ಗೂ ಕಿವಿ ಭೇದವೆಣಿಸುವುದಿಲ್ಲ. ವರ್ಷವೆಂಬ ಅರ್ಥದ ಇಂಗ್ಲಿಷು ಶಬ್ದದ ಆರಂಭದಲ್ಲಿ ಯಕಾರವುಂಟು; ಅದನ್ನು ಬಿಟ್ಟರೆ ‘ಕಿವಿ’ ಎಂದಾಗುತ್ತದೆ. ಹೀಗೆ ಹತ್ತು ವರ್ಷಗಳು ಹತ್ತು ಕಿವಿಗಳಾಗುತ್ತವೆ.

ಆಕೆ ಇಷ್ಟನ್ನೂ ತಪ್ಪಿದ್ದು ಅಜಾಗ್ರತೆಯಿಂದಲ್ಲ. ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಯಿಂದಲೇ ಇಂಗ್ಲಿಷು ಒಂದು ವಿಷಯವಾಗಿದೆ. ಹತ್ತು ವರ್ಷ ಓದಿದ ಮೇಲೆಯೂ ಬಾಯಿ ತೆರೆಯಲು ಸಂಕೋಚವಿದ್ದರೆ, ಆ ಹತ್ತು ವರ್ಷವೂ ಇಂಗ್ಲಿಷನ್ನು ಕಣ್ಣಿಗೆ ತೋರಿಸಿದರೇ ಹೊರತು ಕನ್ನಡದೊಡನೆ ಹೋಲಿಸಿ ಯಾರೂ ತಿಳಿಸಲಿಲ್ಲವೆಂದು ಅರ್ಥ. 2025ರ ಎಸ್.ಎಸ್.ಎಲ್.ಸಿ. ಮೊದಲ ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆಯ ಫಲಿತಾಂಶ ಶೇಕಡಾ 42ರಷ್ಟಕ್ಕೆ ನಿಂತು, ರಾಜ್ಯದ ಕೊನೆಯ ಸ್ಥಾನ ಅದರ ಪಾಲಿಗೆ ಬಂದಿತು. ಅದಕ್ಕೆ ಇಂಗ್ಲಿಷು ಒಂದೇ ಕಾರಣವೆಂದು ನಾನು ಹೇಳಲಾರೆ. ಆದರೆ ಲೆಕ್ಕದಲ್ಲಿಯೂ ವಿಜ್ಞಾನದಲ್ಲಿಯೂ ಗಟ್ಟಿಗರಾದವರು ಮುಂದೆ ನೌಕರಿಯ ಬಾಗಿಲಿನಲ್ಲಿ ಈ ಒಂದು ಪತ್ರಿಕೆಗಾಗಿ ಹಿಂದಕ್ಕೆ ಬರುವುದನ್ನು ಕಾಲೇಜಿನಲ್ಲಿ ಪಾಠ ಹೇಳುವ ಯಾರೂ ಬಲ್ಲರು.

ಈ ಸೀಮೆಯ ನಾಲಗೆಗೆ ಒಂದು ಪೂರ್ವಚರಿತ್ರೆಯುಂಟು. ಕಲಬುರಗಿ 1948ರವರೆಗೆ ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಶಿಕ್ಷಣದ ಮಾಧ್ಯಮ ಉರ್ದು, ಇಂಗ್ಲಿಷು ಕಡ್ಡಾಯದ ಭಾಷೆ. ಮನೆಯಲ್ಲಿ ಕನ್ನಡ, ತರಗತಿಯಲ್ಲಿ ಉರ್ದು, ಪರೀಕ್ಷೆಗೆ ಇಂಗ್ಲಿಷು, ಹೀಗೆ ಮೂರು ಲಿಪಿಗಳ ನಡುವೆ ಬೆಳೆದ ತಲೆಮಾರೊಂದು ಇಲ್ಲಿತ್ತು. ಇಂದಿಗೂ ಕಲಬುರಗಿಯ ಬೀದಿಯಲ್ಲಿ ಕನ್ನಡದ ಪಕ್ಕದಲ್ಲಿಯೇ ದಖನಿ ಉರ್ದು ಕೇಳಿಬರುತ್ತದೆ. ಈ ಸಹವಾಸವನ್ನು ಇಂಗ್ಲಿಷಿಗೆ ಅಡ್ಡಿಯೆಂದು ಎಣಿಸುವವರಿದ್ದಾರೆ. ಧ್ವನಿಗಳ ಮಟ್ಟಿಗೆ ನೋಡಿದರೆ ಅದು ಲಾಭವೇ. ‘ಫ಼ಕೀರ’, ‘ಜ಼ಮೀನು’ ಎಂಬ ಶಬ್ದಗಳನ್ನು ಉರ್ದು ಬಲ್ಲವರು ಹೇಳುವಾಗ ಕೇಳಿ ನೋಡಿ: ಕೆಳದುಟಿಯನ್ನು ಹಲ್ಲಿಗೆ ತಾಕಿಸಿ ಹೊರಡುವ ಫ಼ಕಾರ, ನಾಲಗೆಯ ತುದಿಯಲ್ಲಿ ಗುಂಯ್‌ಗುಡುವ ಜ಼ಕಾರ, ಎರಡೂ ಇಂಗ್ಲಿಷಿನವೇ. ಅಚ್ಚ ಕನ್ನಡದ ನಾಲಗೆ ‘ಜ಼ೂ’ ಎಂಬುದನ್ನು ‘ಜೂ’ ಎಂದೂ ‘ಫ಼ೀ’ ಎಂಬುದನ್ನು ಮಹಾಪ್ರಾಣದ ‘ಫೀ’ ಎಂದೂ ಹೇಳಿಬಿಡುತ್ತದೆ. ಇದಕ್ಕೆ ಪ್ರತಿಯಾಗಿ, ಉರ್ದುವಿನ ನಾಲಗೆ ಶಬ್ದದ ಮೊದಲಲ್ಲಿ ಸಕಾರದ ಒತ್ತಕ್ಷರವನ್ನು ಸಹಿಸದೆ ‘ಇಸ್ಕೂಲ್’, ‘ಇಸ್ಟೇಷನ್’ ಎನ್ನುತ್ತದೆ. ‘ಸ್ಥಾನ’, ‘ಸ್ತ್ರೀ’, ‘ಸ್ಕಂದ’ ಎಂಬ ಸಂಸ್ಕೃತ ಶಬ್ದಗಳನ್ನು ಬಾಲ್ಯದಿಂದ ನುಡಿದ ಕನ್ನಡಿಗರಿಗೆ ಆ ತೊಡಕಿಲ್ಲ. ಒಂದೇ ಬೆಂಚಿನ ಇಬ್ಬರು ಗೆಳತಿಯರಲ್ಲಿ ಒಬ್ಬಳು ಇನ್ನೊಬ್ಬಳಿಗೆ ಹದಿನೈದು ನಿಮಿಷದಲ್ಲಿ ಕಲಿಸಬಹುದಾದ ವಿಷಯವಿದು. ಕಲಿಸುವ ಪುಸ್ತಕಕ್ಕೆ ಹಣ ತೆರಬೇಕಾಗಿಲ್ಲ.

ಆದರೆ ಕನ್ನಡತಿಗೆ ‘ಸ್ಕೂಲ್’ನ ಆರಂಭ ಸುಲಭವಾದರೂ ಅಂತ್ಯ ಕಷ್ಟ. ಆಕೆ ‘ಸ್ಕೂಲು’ ಎನ್ನುತ್ತಾಳೆ. ಇದರ ಕಾರಣ ಸ್ವಾರಸ್ಯವಾದುದು. ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ‘ಕವಿರಾಜಮಾರ್ಗ’ ಹುಟ್ಟಿದ್ದು ಒಂಬತ್ತನೆಯ ಶತಮಾನದಲ್ಲಿ ಅಲ್ಲಿಯ ನೃಪತುಂಗನ ಆಸ್ಥಾನದಲ್ಲಿ. ಆ ಕಾಲದ ಕನ್ನಡದಲ್ಲಿ ಶಬ್ದಗಳು ವ್ಯಂಜನದಿಂದ ಮುಗಿಯುತ್ತಿದ್ದವು: ಕಣ್, ಪಾಲ್, ಕಲ್. ಮುಂದೆ ನಡುಗನ್ನಡ ಹೊಸಗನ್ನಡಗಳಿಗೆ ಬರುವ ಹೊತ್ತಿಗೆ ಕನ್ನಡಿಗರಿಗೆ ಸ್ವರವಿಲ್ಲದ ಕೊನೆ ರುಚಿಸದಾಯಿತು. ಹ್ರಸ್ವದ ಮುಂದಿನ ವ್ಯಂಜನವನ್ನು ಇಮ್ಮಡಿಸಿ ಉಕಾರ ಹಚ್ಚಿದರು, ‘ಕಣ್’ ಹೋಗಿ ‘ಕಣ್ಣು’ ಆಯಿತು. ದೀರ್ಘವಿದ್ದಲ್ಲಿ ಬರಿಯ ಉಕಾರ ಹಚ್ಚಿದರು, ‘ಪಾಲ್’ ಹೋಗಿ ‘ಹಾಲು’ ಆಯಿತು. ಈಗ ಇಂಗ್ಲಿಷು ಶಬ್ದಗಳ ಗತಿಯನ್ನು ನೋಡಿ. ‘ಬಸ್’ ಎಂಬುದು ‘ಬಸ್ಸು’, ‘ಕಾರ್’ ಎಂಬುದು ‘ಕಾರು’. ಅದೇ ನಿಯಮ, ಅಕ್ಷರವೂ ವ್ಯತ್ಯಾಸವಿಲ್ಲ! ಓದು ಬಾರದವರೂ ಈ ಸೂತ್ರವನ್ನು ತಪ್ಪುವುದಿಲ್ಲ. ಕನ್ನಡ ಮಾತನಾಡುವಾಗ ‘ಬಸ್ಸು’ ಎನ್ನುವುದೇ ಸರಿ. ಅಲ್ಲಿ ‘ಬಸ್’ ಎಂದು ಕತ್ತರಿಸಿ ನುಡಿಯುವುದು ನನಗೆ ಬಿಗುಮಾನವಾಗಿ ತೋರುತ್ತದೆ. ಇಂಗ್ಲಿಷು ಮಾತನಾಡುವಾಗ ಮಾತ್ರ ಆ ಉಕಾರವನ್ನು ನುಂಗಬೇಕು. ಇದನ್ನು ಅಭ್ಯಾಸ ಮಾಡಲು ಹಳಗನ್ನಡದ ಪದ್ಯಗಳನ್ನು ಗಟ್ಟಿಯಾಗಿ ಓದುವುದು ಒಂದು ಒಳ್ಳೆಯ ಉಪಾಯ. ಕೇಳಿದವರಿಗೆ ವಿಚಿತ್ರವೆನಿಸೀತು, ಪರೀಕ್ಷಿಸಿ ನೋಡಬಹುದು.

ಇದೇ ರೀತಿ, ‘ಎಂಟು’ ಎಂದು ಬರೆದು ‘ಯೆಂಟು’ ಎಂದೂ ‘ಒಂದು’ ಎಂದು ಬರೆದು ‘ವೊಂದು’ ಎಂದೂ ಹೇಳುವುದು ನಮ್ಮ ವಾಡಿಕೆ. ಅದರ ಫಲವಾಗಿ ‘ಎಗ್’ ನಮ್ಮ ಬಾಯಲ್ಲಿ ‘ಯೆಗ್’ ಆಗುತ್ತದೆ. ಇದು ಬರಿಯ ಉಚ್ಚಾರಣೆಯ ದೋಷವೆಂದು ಬಿಡುವಂತಿಲ್ಲ. ಇಂಗ್ಲಿಷಿನಲ್ಲಿ ಸ್ವರಧ್ವನಿಯ ಹಿಂದೆ ‘ಆ್ಯನ್’, ವ್ಯಂಜನಧ್ವನಿಯ ಹಿಂದೆ ‘ಎ’ ಎಂಬ ಆರ್ಟಿಕಲ್ ಬರತಕ್ಕದ್ದು. ‘ಯೆಗ್’ ಎನ್ನುವವಳ ಕಿವಿಗೆ ಮೊದಲು ಕೇಳುವುದು ಯಕಾರ. ಆಕೆ ‘ಎ ಯೆಗ್’ ಎಂದರೆ ತನ್ನ ಕಿವಿಗೆ ನ್ಯಾಯವಾಗಿಯೇ ನಡೆದುಕೊಂಡಿದ್ದಾಳೆ. ಉಪಾಧ್ಯಾಯರು ಅದನ್ನು ವ್ಯಾಕರಣದ ತಪ್ಪೆಂದು ಕೆಂಪು ಮಸಿಯಲ್ಲಿ ಗುರುತಿಸುತ್ತಾರೆ. ರೋಗ ಇರುವುದು ಕಿವಿಯಲ್ಲಿ. ‘ಎ ಯೂನಿವರ್ಸಿಟಿ’, ‘ಆ್ಯನ್ ಅವರ್’, ‘ಆ್ಯನ್ ಎಂ.ಎ.’ ಇವನ್ನು ಅಪವಾದಗಳೆಂದು ಪಟ್ಟಿ ಮಾಡಿ ಕಲಿಸುವುದೂ ಈ ಕಾರಣದಿಂದಲೇ ವ್ಯರ್ಥ. ಬರೆಯುವ ಅಕ್ಷರವನ್ನು ಬಿಟ್ಟು ಧ್ವನಿಯನ್ನು ಕೇಳಿದರೆ ಅಲ್ಲಿ ಅಪವಾದವೇ ಇಲ್ಲ.

ಬಹುವಚನದ ಪ್ರತ್ಯಯವೂ ಹೀಗೆಯೇ. ‘ಕ್ಯಾಟ್ಸ್’ ಎಂಬಲ್ಲಿ ಕೊನೆಯದು ಸಕಾರ. ‘ಡಾಗ್ಸ್’ ಎಂದು ಬರೆದರೂ ಅಲ್ಲಿ ಕೇಳುವುದು ಜ಼ಕಾರ. ಭೂತಕಾಲದ ‘ವಾಕ್ಡ್’ ಎಂಬುದರ ಕೊನೆ ಟಕಾರದಂತೆ, ‘ಕಾಲ್ಡ್’ ಎಂಬುದರ ಕೊನೆ ಡಕಾರದಂತೆ. ಹಿಂದಿನ ಧ್ವನಿ ಘೋಷವಾದರೆ ಪ್ರತ್ಯಯವೂ ಘೋಷ, ಅಘೋಷವಾದರೆ ಅದೂ ಅಘೋಷ. ಧ್ವನಿಶಾಸ್ತ್ರವೆಂದು ಹೆದರುವ ವಿದ್ಯಾರ್ಥಿಗಳು ‘ಮಳೆ’ ಮತ್ತು ‘ಕಾಲ’ ಸೇರಿ ‘ಮಳೆಗಾಲ’ವಾಗುವುದನ್ನೂ ‘ಬೆಟ್ಟ’ ಮತ್ತು ‘ತಾವರೆ’ ಸೇರಿ ‘ಬೆಟ್ಟದಾವರೆ’ಯಾಗುವುದನ್ನೂ ಕನ್ನಡದ ತರಗತಿಯಲ್ಲಿ ಆದೇಶಸಂಧಿಯೆಂದು ಓದಿದವರೇ. ಕಕಾರ ಗಕಾರವಾಗುವುದು, ತಕಾರ ದಕಾರವಾಗುವುದು ಎಂದರೆ ಅಘೋಷ ಘೋಷವಾಗುವುದಲ್ಲದೆ ಮತ್ತೇನು?

ಕನ್ನಡದಿಂದ ನೆರವು ದೊರೆಯದ ಒಂದು ಸ್ಥಳವುಂಟು; ಅದು ಒತ್ತಿ ನುಡಿಯುವ ಕ್ರಮ. ಇಲ್ಲಿ ತುಸು ನಿಲ್ಲಬೇಕು. ಕಲಬುರಗಿಗೆ ಸಮೀಪದ ಕಮಲಾಪುರದ ಕೆಂಪು ಬಾಳೆಹಣ್ಣು ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಪದಾರ್ಥ. ಬಾಳೆಹಣ್ಣಿನ ಇಂಗ್ಲಿಷು ಹೆಸರನ್ನು ಬರೆದು ನೋಡಿ: ಅದರಲ್ಲಿ ಒಂದೇ ಸ್ವರಾಕ್ಷರ ಮೂರು ಬಾರಿ ಬರುತ್ತದೆ. ನಾವು ಮೂರಕ್ಕೂ ಮರ್ಯಾದೆ ಸಲ್ಲಿಸಿ ‘ಬನಾನಾ’ ಎನ್ನುತ್ತೇವೆ. ಇಂಗ್ಲಿಷಿನವರು ನಡುವಿನ ಒಂದನ್ನು ಮಾತ್ರ ಒತ್ತಿ ಎಳೆದು, ಮೊದಲನೆಯದನ್ನೂ ಕೊನೆಯದನ್ನೂ ನಾಲಗೆಯನ್ನು ಸಡಿಲ ಬಿಟ್ಟು ಹಾಗೆಯೇ ತೇಲಿಸಿಬಿಡುತ್ತಾರೆ. ಆ ತೇಲುವ ಸ್ವರಕ್ಕೆ ಧ್ವನಿಶಾಸ್ತ್ರದಲ್ಲಿ ‘ಶ್ವಾ’ ಎಂದು ಹೆಸರು. ಇಂಗ್ಲಿಷು ಮಾತಿನಲ್ಲಿ ಅದಕ್ಕಿಂತ ಹೆಚ್ಚಾಗಿ ಕೇಳುವ ಸ್ವರ ಮತ್ತೊಂದಿಲ್ಲ. ಅದಕ್ಕಾಗಿ ಕನ್ನಡ ಲಿಪಿಯಲ್ಲಿ ಪ್ರತ್ಯೇಕ ಅಕ್ಷರವೂ ಇಲ್ಲ. ಇಂಗ್ಲಿಷು ಶಬ್ದದ ಉಚ್ಚಾರಣೆಯನ್ನು ಕನ್ನಡ ಅಕ್ಷರಗಳಲ್ಲಿ ಬರೆದುಕೊಡುವ ಗೈಡುಗಳನ್ನು ನಾನು ಒಪ್ಪದಿರುವುದು ಈ ಕಾರಣಕ್ಕೆ. ಈ ಲೇಖನದಲ್ಲಿ ನಾನೂ ಹಾಗೆಯೇ ಬರೆಯುತ್ತಿದ್ದೇನಲ್ಲ ಎಂದು ತಾವು ಕೇಳಬಹುದು. ಶಬ್ದವನ್ನು ಗುರುತಿಸುವುದಕ್ಕೆ ಅದು ಸಾಕು, ನುಡಿಯುವುದಕ್ಕೆ ಸಾಲದು.

ಕನ್ನಡದ ವಿದ್ಯಾರ್ಥಿಗಳು ಛಂದಸ್ಸಿನಲ್ಲಿ ಲಘು ಗುರುಗಳ ಪ್ರಸ್ತಾರ ಹಾಕಬಲ್ಲರು. ಒತ್ತೂ ಅಂಥದೇ ಎಂದು ತಿಳಿದರೆ ಮೋಸ ಹೋಗುತ್ತಾರೆ. ಗುರು ಲಘುಗಳು ಕಾಲದ ಅಳತೆ. ಇಂಗ್ಲಿಷಿನ ಒತ್ತು ಉಸಿರಿನ ಬಲದ ಅಳತೆ. ಬಿ.ಎಂ.ಶ್ರೀಯವರು ‘ಇಂಗ್ಲಿಷ್ ಗೀತಗಳು’ ಎಂಬ ಸಂಕಲನದಲ್ಲಿ ಒತ್ತಿನ ಲಯದ ಇಂಗ್ಲಿಷು ಕವನಗಳನ್ನು ಕನ್ನಡಕ್ಕೆ ತರುವಾಗ ನಮ್ಮ ಮಾತ್ರಾಗಣಗಳನ್ನೇ ಹೊಸ ರೀತಿಯಲ್ಲಿ ಬಳಸಿಕೊಂಡರೆಂಬುದನ್ನು ನೆನೆದರೆ ಈ ಎರಡರ ಅಂತರ ಎಷ್ಟೆಂಬುದು ತಿಳಿಯುತ್ತದೆ. ಒತ್ತು ಸ್ಥಾನ ಬದಲಾಯಿಸಿದರೆ ವ್ಯಾಕರಣವೇ ಬದಲಾಗುವುದುಂಟು: ‘ರೆಕಾರ್ಡ್’ ಎಂಬ ಶಬ್ದದಲ್ಲಿ ಮೊದಲ ಭಾಗವನ್ನು ಒತ್ತಿದರೆ ನಾಮಪದ, ಎರಡನೆಯದನ್ನು ಒತ್ತಿದರೆ ಕ್ರಿಯಾಪದ. ಒಳ್ಳೆಯ ನಿಘಂಟುಗಳಲ್ಲಿ ಒತ್ತಬೇಕಾದ ಭಾಗದ ಹಿಂದೆ ಮೇಲುಗಡೆಯಲ್ಲಿ ಒಂದು ಸಣ್ಣ ನಿಲುಗೆರೆ ಇರುತ್ತದೆ. ಡೇನಿಯಲ್ ಜೋನ್ಸರು 1917ರಲ್ಲಿ ಪ್ರಕಟಿಸಿದ ಉಚ್ಚಾರಣೆಯ ನಿಘಂಟಿನ ಪರಂಪರೆ ಅದು. ಅರ್ಥಕ್ಕಿಂತ ಮೊದಲು ಆ ಗೆರೆಯನ್ನು ನೋಡುವ ಅಭ್ಯಾಸವಾಗಲಿ. ಒತ್ತನ್ನು ಕುರಿತ ಪ್ರಶ್ನೆಗಳಿಗೆ ಇದಕ್ಕಿಂತ ಬೇರೆ ಸಿದ್ಧತೆ ಬೇಕಾಗಿಲ್ಲ.

ಹಾಗಾದರೆ ಇಂಗ್ಲೆಂಡಿನವರಂತೆಯೇ ಮಾತನಾಡಬೇಕೆ? ಬೇಕಾಗಿಲ್ಲ. ಇಂಗ್ಲೆಂಡಿನವರಲ್ಲಿಯೇ ಈ ಬಗ್ಗೆ ಏಕಾಭಿಪ್ರಾಯವಿರಲಿಲ್ಲ. ಬಿ.ಬಿ.ಸಿ. ಬಾನುಲಿಯವರು 1926ರಲ್ಲಿ, ತಮ್ಮ ವಾರ್ತಾವಾಚಕರು ಶಬ್ದಗಳನ್ನು ಹೇಗೆ ನುಡಿಯಬೇಕೆಂದು ನಿರ್ಣಯಿಸುವುದಕ್ಕೆ ಒಂದು ಸಮಿತಿಯನ್ನೇ ನೇಮಿಸಿದರು. ಆಸ್ಥಾನಕವಿ ರಾಬರ್ಟ್ ಬ್ರಿಜಸ್ ಮೊದಲ ಅಧ್ಯಕ್ಷರು. ಅವರ ತರುವಾಯ ಬರ್ನಾರ್ಡ್ ಷಾ, ಅವರು ಐರ್ಲೆಂಡಿನವರು! ನಮ್ಮ ವಿದ್ಯಾರ್ಥಿಗಳಿಂದ ಪರೀಕ್ಷೆ ಬಯಸುವುದು ಸುಲಭವಾಗಿ ಅರ್ಥವಾಗುವ ಮಾತನ್ನು. ‘ತ್ರೀ’ ಎಂಬ ಸಂಖ್ಯೆಯಲ್ಲಿ ನಾವು ದಂತ್ಯವನ್ನು ಹೇಳುತ್ತೇವೆ. ಇಂಗ್ಲಿಷಿನ ಧ್ವನಿ ಹಲ್ಲುಗಳ ನಡುವೆ ಗಾಳಿಯನ್ನು ಉಜ್ಜಿ ಬಿಡುವಂಥದು. ಆದರೂ ಮರವೆಂಬ ಅರ್ಥದ ‘ಟ್ರೀ’ಯಲ್ಲಿ ನಾವು ಮೂರ್ಧನ್ಯವನ್ನು ಹೇಳುವುದರಿಂದ ಎರಡು ಶಬ್ದಗಳೂ ಬೇರೆಯಾಗಿಯೇ ಕೇಳುತ್ತವೆ. ಅಂಥ ಕಡೆ ಶ್ರಮ ಪಡುವುದಕ್ಕಿಂತ ವರ್ಷವೂ ಕಿವಿಯೂ ಒಂದಾಗುವ ಕಡೆ ಶ್ರಮ ಪಡುವುದು ಲೇಸು. ಊರಿನ ಛಾಯೆ ಮಾತಿನಲ್ಲಿದೆಯೆಂದು ನಾಚಿ ಬಾಯಿ ಮುಚ್ಚಿಕೊಂಡ ಮಕ್ಕಳನ್ನು ಎಷ್ಟೋ ನೋಡಿದ್ದೇನೆ. ಕಲಬುರಗಿಯ ಕನ್ನಡಕ್ಕೂ ನಗುವವರು, ಕಲಬುರಗಿಯ ಇಂಗ್ಲಿಷಿಗೂ ನಗುವವರು ಒಬ್ಬರೇ ಆಗಿರುವುದನ್ನು ನೋಡಿದರೆ, ಆ ನಗೆಗೂ ಭಾಷಾಜ್ಞಾನಕ್ಕೂ ಸಂಬಂಧ ಕಡಮೆಯೆಂದೇ ತೋರುತ್ತದೆ.

ವ್ಯಾಕರಣದಲ್ಲಿ ಎಲ್ಲರೂ ಅಂಜುವುದು ‘ದಿ’ ಎಂಬ ಆರ್ಟಿಕಲ್ಲಿಗೆ. ಕನ್ನಡದಲ್ಲಿ ಅದಿಲ್ಲವೆಂದು ಪಾಠ ಹೇಳುವವರೂ ಹೇಳಿಬಿಡುತ್ತಾರೆ. ಶಬ್ದವಾಗಿ ಇಲ್ಲ, ನಿಜ, ಭಾವವಾಗಿ ಇದೆ. ‘ಪುಸ್ತಕ ತಂದೆ’ ಎಂದರೆ ಯಾವುದೋ ಒಂದು ಪುಸ್ತಕ. ‘ಪುಸ್ತಕವನ್ನು ತಂದೆ’ ಎಂದರೆ ನೀವು ಹೇಳಿದ್ದ, ನಮ್ಮಿಬ್ಬರಿಗೂ ಗೊತ್ತಿರುವ ಪುಸ್ತಕವೆಂಬ ಧ್ವನಿ ಬಹುಮಟ್ಟಿಗೆ ಬರುತ್ತದೆ. ನಿರ್ಜೀವ ವಸ್ತುಗಳಲ್ಲಿ ದ್ವಿತೀಯಾ ಪ್ರತ್ಯಯವನ್ನು ಬಿಡುವುದೂ ಹಚ್ಚುವುದೂ ನಮ್ಮಲ್ಲಿ ಈ ಕೆಲಸವನ್ನು ಮಾಡುತ್ತವೆ. ಬಿಟ್ಟ ಕಡೆ ‘ಎ’, ಹಚ್ಚಿದ ಕಡೆ ‘ದಿ’ ಎಂದು ತೂಗಿ ನೋಡಿದರೆ ಹತ್ತರಲ್ಲಿ ಅನೇಕ ವಾಕ್ಯಗಳು ತಾವಾಗಿ ಸರಿಹೋಗುತ್ತವೆ. ಪೂರ್ಣ ವರ್ತಮಾನಕಾಲದ ಮಾತು ಇದಕ್ಕೆ ವಿರುದ್ಧ: ‘ನಿನ್ನೆ ಬಂದಿದ್ದೇನೆ’ ಎಂದು ಕನ್ನಡದಲ್ಲಿ ಧಾರಾಳವಾಗಿ ಹೇಳಬಹುದು, ಇಂಗ್ಲಿಷಿನಲ್ಲಿ ‘ಯೆಸ್ಟರ್‌ಡೇ’ ಬಂದರೆ ‘ಹ್ಯಾವ್ ಕಮ್’ ಬರಬಾರದು. ‘ಗೊತ್ತಿದೆ’ ಎಂಬುದನ್ನು ‘ಐ ಆಮ್ ನೋಯಿಂಗ್’ ಎನ್ನುವುದು, ‘ಅಲ್ಲವೆ’ ಎಂಬುದಕ್ಕೆ ಎಲ್ಲ ಕಡೆಯೂ ‘ಇಸಿಂಟ್ ಇಟ್’ ಎನ್ನುವುದು ಎಲ್ಲರಿಗೂ ತಿಳಿದ ಸಂಗತಿಗಳಾದ್ದರಿಂದ ವಿಸ್ತರಿಸುವುದಿಲ್ಲ.

ಶಬ್ದಗಳ ವಿಷಯದಲ್ಲಿ ಒಂದು ಸಲಹೆ. ಕನ್ನಡದ ‘ಮಾಡು’ ಬಹಳ ದುಡಿಯುವ ಧಾತು: ಊಟ ಮಾಡು, ಸ್ನಾನ ಮಾಡು, ಕೆಲಸ ಮಾಡು, ತಪ್ಪು ಮಾಡು. ಇಂಗ್ಲಿಷಿನಲ್ಲಿ ಈ ನಾಲ್ಕು ‘ಮಾಡು’ಗಳಿಗೆ ನಾಲ್ಕು ಬೇರೆ ಕ್ರಿಯಾಪದಗಳು: ‘ಹ್ಯಾವ್’, ‘ಟೇಕ್’, ‘ಡೂ’, ‘ಮೇಕ್’. ಆದ್ದರಿಂದ ಒಂಟಿ ಶಬ್ದಕ್ಕೆ ಒಂಟಿ ಅರ್ಥ ಬರೆದ ಪಟ್ಟಿಯಿಂದ ಪ್ರಯೋಜನ ಸ್ವಲ್ಪ. ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟ್ಟೆಲರು ನಮ್ಮ ಭಾಷೆಯನ್ನು ಕಲಿತು 1894ರಲ್ಲಿ ಮಂಗಳೂರಿನಿಂದ ಹೊರತಂದ ಕನ್ನಡ-ಇಂಗ್ಲಿಷು ನಿಘಂಟನ್ನು ತೆರೆದು ನೋಡಿ. ಶಬ್ದದ ಕೆಳಗೆ ಬರಿಯ ಅರ್ಥವಲ್ಲದೆ ಪ್ರಯೋಗಗಳೂ ಗಾದೆಗಳೂ ಇವೆ. ಪರಭಾಷೆಯನ್ನು ವಶಮಾಡಿಕೊಂಡ ವಿದ್ವಾಂಸರ ಕ್ರಮವದು. ನಮ್ಮ ವಿದ್ಯಾರ್ಥಿನಿಯ ನೋಟುಪುಸ್ತಕದಲ್ಲಿಯೂ ಶಬ್ದವು ತನ್ನ ಸಂಗಡಿಗರೊಡನೆ ವಾಕ್ಯದಲ್ಲಿ ಕುಳಿತಿರಲಿ. ದಿನಕ್ಕೆ ಐದು ವಾಕ್ಯ, ಗಟ್ಟಿಯಾಗಿ ಮೂರು ಸಲ. ಕನ್ನಡದಲ್ಲಿ ನೆಲೆಸಿದ ಇಂಗ್ಲಿಷು ಶಬ್ದಗಳ ಬಗೆಗೆ ವಿಶೇಷ ಎಚ್ಚರ ಬೇಕು: ನಮ್ಮ ‘ಹೋಟೆಲು’ ಮುಖ್ಯವಾಗಿ ಊಟ ಉಪಾಹಾರದ ಸ್ಥಳ, ಅವರದು ತಂಗುವ ಸ್ಥಳ.

ಇನ್ನು ಪರೀಕ್ಷೆಗಳ ಭೇದ. ಎಸ್.ಎಸ್.ಎಲ್.ಸಿ.ಯಲ್ಲಿ ಎರಡನೆಯ ಭಾಷೆಯಾಗಿ ತೆಗೆದುಕೊಂಡ ಇಂಗ್ಲಿಷಿಗೆ 80 ಅಂಕ ಬರವಣಿಗೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ನಾಲಗೆಗೆ ಅಲ್ಲಿ ಕೆಲಸ ಕಡಮೆ. ವಿದೇಶದಲ್ಲಿ ಓದಲು ಅಥವಾ ದುಡಿಯಲು ಹೋಗುವವರು ಬರೆಯುವ ಐ.ಇ.ಎಲ್.ಟಿ.ಎಸ್. ಪರೀಕ್ಷೆಯಲ್ಲಿ 11ರಿಂದ 14 ನಿಮಿಷಗಳ ಸಂಭಾಷಣೆಯ ಭಾಗವುಂಟು. ಅದರಲ್ಲಿ ಮಾತಿನ ಓಟ, ಶಬ್ದಸಂಪತ್ತು, ವ್ಯಾಕರಣ, ಉಚ್ಚಾರಣೆ, ಈ ನಾಲ್ಕಕ್ಕೂ ಸಮಾನ ತೂಕ. ನಡುವೆ ಒಂದು ವಿಷಯದ ಚೀಟಿಯನ್ನು ಕೊಟ್ಟು, ಒಂದು ನಿಮಿಷ ಯೋಚಿಸಲು ಬಿಟ್ಟು, ಒಂದೆರಡು ನಿಮಿಷ ಮಾತನಾಡಲು ಹೇಳುತ್ತಾರೆ. ಆ ಒಂದು ನಿಮಿಷದಲ್ಲಿ ಪೂರ್ತಿ ವಾಕ್ಯಗಳನ್ನು ಬರೆಯಲು ಹೋಗಬಾರದು. ನಾಲ್ಕೈದು ಶಬ್ದಗಳನ್ನು ಮಾತ್ರ ಗುರುತು ಹಾಕಿಕೊಂಡು, ಪ್ರತಿಯೊಂದರ ಮೇಲೂ ಒತ್ತು ಬೀಳುವ ಸ್ಥಳದಲ್ಲಿ ಒಂದು ಗೆರೆ ಎಳೆದುಕೊಳ್ಳಬೇಕು. ಪ್ರಶ್ನೆ ಕೇಳಿಸದಿದ್ದರೆ ಮತ್ತೊಮ್ಮೆ ಹೇಳಿರೆಂದು ವಿನಯದಿಂದ ಕೇಳುವುದಕ್ಕೆ ಅಡ್ಡಿಯಿಲ್ಲ. ವಿಷಯವನ್ನು ದೂರದಿಂದ ತರುವುದೂ ಬೇಡ: ಇಷ್ಟವಾದ ತಿನಿಸನ್ನು ವರ್ಣಿಸಿರೆಂದರೆ, ಕಂಡರಿಯದ ಲಂಡನ್ನಿನ ಉಪಾಹಾರಕ್ಕಿಂತ ಜೋಳದ ರೊಟ್ಟಿ, ತೊಗರಿಬೇಳೆ, ಕಮಲಾಪುರದ ಹಣ್ಣು ಇವನ್ನು ಕುರಿತು ಹೇಳುವುದು ಹೆಚ್ಚು ಸರಾಗವಾಗಿ ಸಾಗೀತು. ಹಣ್ಣಿನ ಹೆಸರನ್ನು ಹೇಳುವಾಗ ನಡುವಿನ ಸ್ವರವನ್ನು ಒತ್ತಿ, ಕೊನೆಯದನ್ನು ತೇಲಿಸಿ ಬಿಟ್ಟರಾಯಿತು.